ಒದೆಬಂಡಿಗಳು ನಿಂತ ಜಾಗ

ಮುಂದಿನ ಚಕ್ರದ ಅಚ್ಚಿಗೆ ಕೆಂಪು ರೇಷ್ಮೆಯ ಒಂದೇ ಒಂದು ಎಳೆ ಸುತ್ತಿಕೊಂಡಿತ್ತು. ಒದೆಬಂಡಿ ಮಗುಚಿ ಬಿದ್ದಿದ್ದರೂ ಚಕ್ರ ಇನ್ನೂ ತಿರುಗುತ್ತಿತ್ತು. ಎಳೆಯ ಬಿಡಿತುದಿ ಸುತ್ತಿಗೊಮ್ಮೆ ಬಿಸಿಲಿಗೆ ಸಿಕ್ಕಿ ಮಿಂಚಿ ಮರೆಯಾಗುತ್ತಿತ್ತು. ಅಲ್ಲಿಂದ ಒಂದು ಮೊಳದಾಚೆ ಮೋಟಾರು ಬಸ್ಸಿನ ಮುಂದಿನ ಗಾಲಿ ನಿಂತಿತ್ತು.

ನಾನು ಶಾಲೆಯ ಜಗಲಿಯಿಂದ ಓಡಿ ಬಂದಾಗ ನನ್ನ ತರಗತಿಯ ಹುಡುಗಿ ರಸ್ತೆಯ ಧೂಳಿನಲ್ಲಿ ಕುಳಿತು ತಮ್ಮನನ್ನು ಎದೆಗೆ ಒತ್ತಿಕೊಂಡಿದ್ದಳು. ಅವಳ ಮೊಣಕಾಲು ತರಚಿ ರಕ್ತ ಜಿನುಗುತ್ತಿತ್ತು. ತಮ್ಮನಿಗೆ ಏನೂ ಆಗಿರಲಿಲ್ಲ. ಅವನು ಬಸ್ಸಿನ ಹಿತ್ತಾಳೆಯ ದೀಪವನ್ನು ಕಣ್ಣರಳಿಸಿ ನೋಡುತ್ತಿದ್ದ. ಪೆಟ್ಟಾಯಿತೇ ಎಂದು ನಾನು ಕೇಳುವ ಮೊದಲೇ ಅವಳು ಕೇಳಿದಳು:

"ಎಳೆ ತುಂಡಾತೇನ್ರಿ ಅಕ್ಕೋರೆ? ತಾತಗೆ ಹೇಳಬ್ಯಾಡ್ರಿ."

ಡ್ರೈವರು ಕೆಳಗಿಳಿದು ಬಂದವನು ಬಸ್ಸಿಗೆ ಕೈ ಕೊಟ್ಟು ನಿಂತುಕೊಂಡ.

ಮೊಳಕಾಲ್ಮೂರಿಗೆ ಆ ವರ್ಷ ಎರಡು ಹೊಸ ವಾಹನಗಳು ಬಂದಿದ್ದವು. ಒಂದು, ಚಳ್ಳಕೆರೆಯಿಂದ ಹೊರಟು ನಮ್ಮೂರನ್ನು ಹಾದು ರಾಯದುರ್ಗಕ್ಕೆ ಹೋಗುವ ಮೋಟಾರು ಬಸ್ಸು. ಇನ್ನೊಂದು ಈ ಒದೆಬಂಡಿ. ಮಗ್ಗ ಮಾಡುವ ಬಡಗಿಯೊಬ್ಬರು ಬಳ್ಳಾರಿಯ ದಂಡುಪ್ರದೇಶದಲ್ಲಿ ಬಿಳಿ ದೊರೆಗಳ ಮಕ್ಕಳು ನಿಂತು ಓಡಿಸುವ ಬಂಡಿಯನ್ನು ನೋಡಿ ಬಂದು, ಅಂಥದೇ ಒಂದನ್ನು ಮನೆಯ ಮಕ್ಕಳಿಗೆ ಮಾಡಿಕೊಟ್ಟಿದ್ದರು. ಒಂದು ಹಲಗೆ, ಅದರ ಹಿಂದೆ ಮುಂದೆ ಮರದ ಚಕ್ರ, ಮುಂದುಗಡೆ ನೆಟ್ಟಗೆ ನಿಂತ ಹಿಡಿಕೋಲು. ಒಂದು ಕಾಲನ್ನು ಹಲಗೆಯ ಮೇಲಿಟ್ಟು ಇನ್ನೊಂದರಿಂದ ನೆಲ ಒದೆದರೆ ಬಂಡಿ ಓಡುತ್ತದೆ. ಹಳೆಯ ಮಗ್ಗದ ತುಂಡುಗಳು ನೇಕಾರರ ಮನೆಗಳಲ್ಲಿ ಎಲ್ಲೆಂದರಲ್ಲಿ ಬಿದ್ದಿರುತ್ತಿದ್ದುದರಿಂದ, ಬೇಸಿಗೆ ಮುಗಿಯುವುದರೊಳಗೆ ನೇಕಾರರ ಬೀದಿಯ ಅರ್ಧ ಮಕ್ಕಳ ಕೈಯಲ್ಲಿ ಒದೆಬಂಡಿ ಇತ್ತು. ಈ ಹುಡುಗಿಯದಕ್ಕೆ ಹಿಂದೆ ಎರಡು ಚಕ್ರ. ಅವುಗಳ ನಡುವೆ ತಮ್ಮ ಕೂರುವಷ್ಟು ಒಂದು ಪೆಟ್ಟಿಗೆ.

ಆ ಪೆಟ್ಟಿಗೆಯ ಮಹತ್ವ ನನಗೆ ಗೊತ್ತಿತ್ತು. ಬಂಡಿ ಬರುವ ಮೊದಲು ಅವಳು ತಮ್ಮನನ್ನು ಸೊಂಟದ ಮೇಲೆ ಹೊತ್ತು ಶಾಲೆಗೆ ಬರುತ್ತಿದ್ದಳು. ತಾಯಿ ದಿನವಿಡೀ ಮಗ್ಗದ ಕೆಲಸದಲ್ಲಿರುವಾಗ ಕೂಸನ್ನು ನೋಡುವವರು ಬೇರೆ ಇರಲಿಲ್ಲ. ಅವಳಿಗೇ ಏಳು ತುಂಬಿರಲಿಲ್ಲ. ಬೀದಿಯ ಅರ್ಧಕ್ಕೆ ಬಂದು ಸುಸ್ತಾಗಿ ಹಿಂತಿರುಗುತ್ತಿದ್ದಳು. ವಾರದಲ್ಲಿ ಬರುವ ದಿನಗಳಿಗಿಂತ ಬಾರದ ದಿನಗಳೇ ಹೆಚ್ಚು. ಬಂಡಿ ಬಂದ ಮೇಲೆ ಒಂದು ದಿನವೂ ತಪ್ಪಿಸಿರಲಿಲ್ಲ. ತಮ್ಮ ನನ್ನ ಮೇಜಿನ ಕೆಳಗೆ ನಿದ್ದೆ ಮಾಡುತ್ತಿದ್ದ, ಅವಳು ಓದುತ್ತಿದ್ದಳು. ಕಾಗುಣಿತ ಮುಗಿಸಿ ಪಾಠದ ಪುಸ್ತಕಕ್ಕೆ ಬಂದಿದ್ದಳು.

ಅಂದು ಸಂಜೆಯೇ ಶಾಲೆಯ ಜಗಲಿಯಲ್ಲಿ ಸಭೆ ಸೇರಿತು. ಹೆಡ್‌ಮೇಷ್ಟ್ರು ಬಂದರು. ಬೀದಿಯ ಯಜಮಾನರು ಬಂದರು. ಅವರೇ ಹುಡುಗಿಯ ತಾತ. ಕೂತವರೇ ಹೇಳಿಬಿಟ್ಟರು:

"ಎಲ್ಲಾ ಬಂಡಿ ಒಲೆಗೆ ಹಾಕ್ರಿ. ನಮ್ಮ ಮನೇದೇ ಮೊದ್ಲು."

ಕಂಬದ ಹಿಂದೆ ನಿಂತಿದ್ದ ಸೊಸೆ, ಅಂದರೆ ಹುಡುಗಿಯ ತಾಯಿ, ಸೆರಗನ್ನು ಸರಿಮಾಡಿಕೊಂಡು ಮೆಲ್ಲಗೆ ಹೇಳಿದಳು: "ಹಾಕ್ರಿ ಮಾವ. ಆಮೇಲೆ ಸಾಲೆ ಬಿಡಿಸ್ಬೇಕಾಗ್ತೈತೆ, ಅಷ್ಟೇ."

"ಬಿಡಿಸಾನ. ಕೈಕಾಲು ಇದ್ರೆ ಸಾಲೆ."

ಹೆಡ್‌ಮೇಷ್ಟ್ರು ತಲೆಯಾಡಿಸಿದರು. ಬಂಡಿ ಸುಡಿಸುವ ಅಧಿಕಾರ ಅವರಿಗಿರಲಿಲ್ಲ; ಬೇಡ ಎನ್ನುವ ಧೈರ್ಯವೂ ಇರಲಿಲ್ಲ. ನನಗೆ ಸಭೆಗಳಲ್ಲಿ ಮಾತನಾಡುವ ಅಭ್ಯಾಸವಿಲ್ಲ. ಆದರೂ, ಮುಂದಿನ ಸಂತೆಯ ದಿನದವರೆಗೆ ಸಮಯ ಕೊಡಿ, ಮಕ್ಕಳು ರಸ್ತೆಗೆ ನುಗ್ಗದಂತೆ ಏನಾದರೂ ಮಾಡುತ್ತೇನೆ, ಆಗದಿದ್ದರೆ ನೀವು ಹೇಳಿದಂತೆ ಎಂದೆ. ಯಜಮಾನರು ಎದ್ದು ನಿಂತರು.

"ಸಂತೆತಂಕ. ಅದರ ಮ್ಯಾಲೆ ಒಂದು ದಿನಾನೂ ಇಲ್ಲ."

ಮರುದಿನದಿಂದ ನಾನು ಬೆಳಿಗ್ಗೆ ಬೇಗ ಹೋಗಿ ಬೀದಿಯ ಬಾಯಲ್ಲಿ ನಿಂತೆ. ಏನಾಗುತ್ತಿದೆ ಎಂಬುದು ತಿಳಿಯಲು ತಡವಾಗಲಿಲ್ಲ. ನೇಕಾರರ ಬೀದಿ ಗುಡ್ಡದ ಕಡೆಯಿಂದ ಇಳಿಜಾರಾಗಿ ಬಂದು ದೊಡ್ಡ ರಸ್ತೆಗೆ ಸೇರುತ್ತದೆ. ಶಾಲೆ ರಸ್ತೆಯ ಆಚೆ ಬದಿಗಿದೆ. ಬೆಳಗಿನ ಹೊತ್ತು ಬೀದಿಯಲ್ಲಿ ಹಾಸು ಹಾಕುತ್ತಾರೆ; ಮಗ್ಗಕ್ಕೆ ಏರಿಸಬೇಕಾದ ಉದ್ದನೆಯ ಎಳೆಗಳನ್ನು ಬೀದಿಯುದ್ದಕ್ಕೂ ಬಿಗಿಯಾಗಿ ಎಳೆದು ಕಟ್ಟಿ, ನಡುನಡುವೆ ಬಿದಿರ ಕತ್ತರಿಗಾಲುಗಳ ಆಸರೆ ಕೊಟ್ಟು, ತುಂಡಾದ ಎಳೆಗಳನ್ನು ಕೂಡಿಸುತ್ತಾರೆ. ಬಿಸಿಲು ಏರುವ ಮೊದಲು ಮುಗಿಯಬೇಕಾದ ಕೆಲಸ. ಆಗ ಬೀದಿಯಲ್ಲಿ ಉಳಿಯುವುದು ಒಂದು ಪಕ್ಕದ ಕಿರುದಾರಿ ಮಾತ್ರ. ಮಕ್ಕಳು ಶಾಲೆಗೆ ಹೊರಡುವುದೂ ಅದೇ ಹೊತ್ತಿಗೆ. ಆ ಕಿರುದಾರಿಯಲ್ಲಿ ಕಾಲನ್ನು ಪಕ್ಕಕ್ಕೆ ಊರಿ ಬಂಡಿ ನಿಲ್ಲಿಸಲು ಜಾಗವಿಲ್ಲ. ಊರಿದರೆ ಹಾಸಿನ ಎಳೆಗಳಿಗೆ ತಗುಲುತ್ತದೆ. ಅವಕ್ಕೆ ತಗುಲಬಾರದು ಎಂಬುದು ಆ ಮಕ್ಕಳಿಗೆ ನಡೆಯಲು ಕಲಿತಾಗಿನಿಂದ ಗೊತ್ತು. ಹಾಗಾಗಿ ಮೈಯನ್ನು ಹಾಸಿನಿಂದ ದೂರ ಬಾಗಿಸಿಕೊಂಡು, ಇಳಿಜಾರಿನ ವೇಗದಲ್ಲೇ ನೇರವಾಗಿ ರಸ್ತೆಗೆ ಬಂದುಬಿಡುತ್ತಿದ್ದರು.

ಮೊದಲು ಬಡಗಿಯವರ ಬಳಿ ಹೋದೆ. ಹಿಂದಿನ ಚಕ್ರದ ಮೇಲೆ ಹಿಮ್ಮಡಿಯಿಂದ ಒತ್ತುವಂಥ ಒಂದು ತುಂಡು ಹಲಗೆ, ಅದರ ಅಡಿಗೆ ಹಳೆಯ ಚಪ್ಪಲಿಯ ಅಟ್ಟೆ. ನಾನು ನೆಲದ ಮೇಲೆ ಗೆರೆ ಎಳೆದು ತೋರಿಸಿದೆ. ಅವರು ಅಂದೇ ಹುಡುಗಿಯ ಬಂಡಿಗೂ ಆಮೇಲೆ ಉಳಿದವಕ್ಕೂ ಕೂರಿಸಿಕೊಟ್ಟರು. ಸಮನೆಲದಲ್ಲಿ ಚೆನ್ನಾಗಿಯೇ ಹಿಡಿಯಿತು. ಇಳಿಜಾರಿನಲ್ಲಿ, ಅದೂ ತಮ್ಮನ ಭಾರ ಸೇರಿದಾಗ, ವೇಗವನ್ನು ತಗ್ಗಿಸಿತೇ ಹೊರತು ನಿಲ್ಲಿಸಲಿಲ್ಲ.

ಎರಡನೆಯ ಉಪಾಯ ಯಜಮಾನರದೇ. "ಬೀದಿ ಬಾಯಿಗೆ ಅಡ್ಡ ಹಗ್ಗ ಕಟ್ಟಾನ. ಎದಿಮಟ್ಟ. ಹಗ್ಗ ಕಂಡ್ರೆ ದನಾನೂ ನಿಲ್ತೈತೆ, ಮಕ್ಕಳು ನಿಲ್ಲಂಗಿಲ್ವಾ?" ಎಂದರು. ಸುತ್ತ ನಿಂತ ನೇಕಾರರೆಲ್ಲ ಹೌದೆಂದರು. ನನಗೂ ಸರಿಯೆನಿಸಿತು. ಬೇರೆ ಗಟ್ಟಿ ಹಗ್ಗ ಸಿಗದೆ ಶಾಲೆಯ ಬಾವಿಯ ಹಗ್ಗವನ್ನೇ ರಾಟೆಯಿಂದ ಬಿಚ್ಚಿ ತಂದು ಬೀದಿಯ ಬಾಯಲ್ಲಿದ್ದ ಬೇವಿನ ಮರಕ್ಕೂ ಎದುರಿನ ಗೋಡೆಯ ಗೂಟಕ್ಕೂ ಕಟ್ಟಿದೆವು. ಹುಡುಗಿಯನ್ನು ಮೇಲಿಂದ ಬಂಡಿಯಲ್ಲಿ ಬರಹೇಳಿದೆವು. ರಸ್ತೆಯಲ್ಲಿ ನಾನು ಕಾವಲಿದ್ದೆ.

ಬಂದಳು. ಹಗ್ಗವನ್ನು ನೋಡಿದಳು. ವೇಗವನ್ನು ಒಂದಿಷ್ಟೂ ತಗ್ಗಿಸದೆ ಹಿಡಿಕೋಲಿನ ಮೇಲೆ ಬಾಗಿ ಅದರ ಅಡಿಯಲ್ಲಿ ನುಸುಳಿದಳು. ಪೆಟ್ಟಿಗೆಯಲ್ಲಿದ್ದ ತಮ್ಮನೂ ಅಕ್ಕನನ್ನು ನೋಡಿ ತಲೆ ತಗ್ಗಿಸಿದ. ಅವಳ ಹಿಂದೆ ಕರೆಯದೇ ಬಂದ ಇನ್ನಿಬ್ಬರೂ ಹಾಗೆಯೇ ನುಸುಳಿದರು. ಕಡಲೆಕಾಯಿ ಮೂಟೆಯ ಬಂಡಿಯೊಂದು ಅದೇ ಹೊತ್ತಿಗೆ ಬಂತು. ಎತ್ತುಗಳು ಬೆದರಿ ಅಡ್ಡ ತಿರುಗಿದವು. ನಾನು ಹುಡುಗಿಯ ಹಿಡಿಕೋಲನ್ನು ಹಿಡಿದುಕೊಂಡೆ.

ಆಮೇಲೆ ಯಜಮಾನರ ಹೆಂಡತಿ, ಎಳೆ ಕೂಡಿಸುತ್ತ ಕುಳಿತಿದ್ದ ಅಜ್ಜಿ, ಬಾಯಿಗೆ ಸೆರಗು ಹಿಡಿದು ನಗತೊಡಗಿದರು.

"ಚೂಡಂಡಿ, ನೋಡ್ರಿ ಈಯಪ್ಪನ ಬುದ್ಧಿ! ಹುಟ್ಟಿದಾಗಿಂದ ಹಾಸಿನ ಕೆಳಗೆ ನುಸುಳೋ ಮಕ್ಕಳು. ಅವ್ರಿಗೆ ಎದಿಮಟ್ಟಕ್ಕೆ ಹಗ್ಗ ಕಟ್ಟಿ ನಿಲ್ಲು ಅಂದ್ರೆ ನಿಲ್ತಾವಾ?"

"ನೀನು ಆವಾಗ್ಲೇ ಹೇಳ್ಬೇಕಿತ್ತು."

"ನೀವು ಕೇಳಿದ್ರಾ?"

ಯಜಮಾನರೂ ನಕ್ಕರು, ಆದರೆ ಬೇಗ ನಿಲ್ಲಿಸಿದರು. ಹಗ್ಗವಿದ್ದಾಗ ಮೊದಲಿಗಿಂತ ಅಪಾಯ ಹೆಚ್ಚು ಎಂದು ಅವರಿಗೂ ನನಗೂ ಒಟ್ಟಿಗೇ ಹೊಳೆದಿತ್ತು. ತಲೆ ತಗ್ಗಿಸಿದ ಮಗುವಿಗೆ ರಸ್ತೆ ಕಾಣುವುದಿಲ್ಲ. ಹಗ್ಗದ ಒಂದು ತುದಿ ಬಿಚ್ಚಿ ಬೇವಿನ ಮರಕ್ಕೆ ಸುತ್ತಿಟ್ಟೆವು.

ಮಕ್ಕಳಿಗೆ ರಸ್ತೆ ಕಾಣುವ ವಿಚಾರ ಹೀಗಾದರೆ, ರಸ್ತೆಯಲ್ಲಿ ಬರುವವನಿಗೆ ಮಕ್ಕಳು ಎಲ್ಲಿಂದ ಕಾಣುತ್ತಾರೆ ಎಂದು ತಿಳಿಯಬೇಕಿತ್ತು. ಶನಿವಾರ ಮಧ್ಯಾಹ್ನ ಬಸ್ಸಿನಲ್ಲಿ ಚಳ್ಳಕೆರೆಗೆ ಹೋದೆ. ಅಲ್ಲಿಯ ಆಸ್ಪತ್ರೆಯ ದಾದಿ ನನಗೆ ಪರಿಚಯದವಳು. ಅವಳ ಮನೆಯಲ್ಲಿ ಉಳಿದು, ಬೆಳಿಗ್ಗೆ ಬಸ್ಸು ಹೊರಡುವ ಮೊದಲು ಡ್ರೈವರನ್ನು ಕಂಡು, ಮುಂದಿನ ಸೀಟಿನಲ್ಲಿ ನಿಮ್ಮ ಪಕ್ಕ ಕುಳಿತು ಬರಬೇಕು ಎಂದೆ. ಹೆಂಗಸರು ಹಿಂದೆ ಪರದೆಯ ಕಡೆ ಕೂರುವುದು ರೂಢಿ. ಅವನು ಗಾಬರಿಯಾದ.

"ಕಂಪ್ಲೇಂಟ್ ಬರೀತೀರಾ ಅಮ್ಮಾ?"

"ಇಲ್ಲ. ನಿಮಗೆ ಏನು ಕಾಣುತ್ತದೆ ಎಂದು ನೋಡಬೇಕು."

ಪಕ್ಕದಲ್ಲಿ ಕೂರಿಸಿಕೊಂಡು ಹೊರಟ; ದಾರಿಯ ತಳಕು ಊರು ದಾಟಿತು. ಆಮೇಲೆ ತಾನೇ ಹೇಳಿದ: "ಆವತ್ತಿಂದ ಅನ್ನ ಗಂಟ್ಲಲ್ಲಿ ಇಳೀತಾ ಇಲ್ಲಮ್ಮಾ. ನಮ್ಮನೇಲೂ ಅಷ್ಟೇ ದೊಡ್ಡ ಬೇಟಿ ಐತೆ. ಬ್ರೇಕು ಜಲ್ದಿ ಹಿಡೀತು, ಅದು ಖುದಾ ಮೆಹರಬಾನಿ. ನಾನು ನೋಡಿ ಹಿಡಿದಿದ್ದಲ್ಲ, ಅಂದಾಜಲ್ಲಿ ಹಿಡಿದಿದ್ದು."

ಊರು ಹತ್ತಿರವಾದಂತೆ ನಾನು ಮುಂದೆ ಬಾಗಿ ನೋಡುತ್ತ ಕುಳಿತೆ. ಬೀದಿಯ ಬಾಯಿ ಕಾಣಲಿಲ್ಲ. ರಸ್ತೆಬದಿಯ ಹುಣಸೆಮರದ ನೆರಳಿನಲ್ಲಿ ಎತ್ತು ಬಿಚ್ಚಿದ ಬಂಡಿಗಳು ಸಾಲಾಗಿ ನಿಂತಿದ್ದವು. ಅವುಗಳ ನೊಗ ಹೊರುವ ಮೂಕಿಗಳು ಆಕಾಶಕ್ಕೆ ಎತ್ತಿಕೊಂಡಿದ್ದವು. ಅವನ್ನು ದಾಟಿದ ಕ್ಷಣವೇ ಬೀದಿ ಪಕ್ಕದಲ್ಲಿತ್ತು. ಕಾಣುವುದಕ್ಕೂ ಹಾದು ಹೋಗುವುದಕ್ಕೂ ನಡುವೆ ಬ್ರೇಕು ಒತ್ತುವಷ್ಟೂ ಸಮಯವಿರಲಿಲ್ಲ.

ಇಳಿದವಳೇ ಎತ್ತಿನ ಬಂಡಿಯವರ ಬಳಿ ಹೋದೆ. ರಸ್ತೆಯ ಆಚೆ ಬದಿಗೆ, ನಮ್ಮ ಶಾಲೆಯ ಕಾಂಪೌಂಡಿನ ಪಕ್ಕ, ಬಂಡಿ ಬಿಡಬಹುದೇ ಎಂದು ಕೇಳಿದೆ. ಅವರಲ್ಲಿ ಹಿರಿಯರೊಬ್ಬರು ಬೀಡಿ ಆರಿಸಿ ಎದ್ದು ನಿಂತರು.

"ಅಲ್ಲಿ ನೆಳ್ಳು ಐತೇನವ್ವ?"

"ಇಲ್ಲ."

"ನೀರು?"

"ಬಾವಿ ಇದೆ. ಕಲ್ಲಿನ ತೊಟ್ಟಿಯೂ ಇದೆ, ಒಣಗಿದೆ."

"ದಿನಾ ಬೆಳಿಗ್ಗೆ ತೊಟ್ಟಿ ತುಂಬಿರ್ತೈತೆ ಅಂತ ನೀವು ಮಾತು ಕೊಡ್ರಿ, ಎತ್ತು ತಾವೇ ಆ ಕಡೆ ತಿರುಗ್ತಾವೆ. ನೆಳ್ಳಿಗೆ ನಾವು ಟವಲು ಹೊತ್ಕಂತೀವಿ."

ಮಾತು ಕೊಟ್ಟೆ. ಬಾವಿಯ ಹಗ್ಗ ಬೇವಿನ ಮರದಲ್ಲಿದ್ದುದು ಆಗ ನೆನಪಿಗೆ ಬರಲಿಲ್ಲ. ಆ ವಾರ ನಮ್ಮ ಶಾಲೆಯ ಆಯಾ ಪಕ್ಕದ ಮನೆಯ ಹಗ್ಗ ತಂದು ತಂದು ಗೊಣಗುತ್ತ ನೀರು ಸೇದಿದಳು.

ಡ್ರೈವರು ಇನ್ನೊಂದು ಉಪಕಾರ ಮಾಡಲು ಹೋದ. ಹುಣಸೆಮರದ ಬಳಿ ಬಂದೊಡನೆ ರಬ್ಬರಿನ ಹಾರನ್ನು ಜೋರಾಗಿ ಒತ್ತಿದ. ಪರಿಣಾಮ ಉಲ್ಟಾ ಆಯಿತು. ಹಾರನ್ ಕೇಳಿದ ಮಕ್ಕಳು "ಮೋಟ್ರು ಬಂತು, ಮೋಟ್ರು!" ಎಂದು ಕೂಗುತ್ತ ಅದನ್ನು ನೋಡಲು ಬಂಡಿ ಒದ್ದುಕೊಂಡು ರಸ್ತೆಗೇ ಧಾವಿಸಿದರು. ಎತ್ತಿನ ಬಂಡಿಗಳು ಸರಿದಿದ್ದರಿಂದ ಅವನಿಗೆ ಅವರು ಕಂಡರು, ಬಸ್ಸು ನಿಂತಿತು, ಅಷ್ಟೇ ಪುಣ್ಯ. ಅವನು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಸಂತೆ ಹತ್ತಿರ ಬರುತ್ತಿತ್ತು. ಯಜಮಾನರ ಮನೆಯ ಹಿತ್ತಿಲಲ್ಲಿ ಒಲೆಯ ಸೌದೆಯ ಪಕ್ಕ ಎರಡು ಒದೆಬಂಡಿಗಳನ್ನು ಆಗಲೇ ಒರಗಿಸಿಟ್ಟಿದ್ದರು. ತಂದೆಯರು ತಾವಾಗಿಯೇ ತಂದಿಟ್ಟವು.

ಮರುದಿನ ಬೆಳಿಗ್ಗೆ ನಾನು ಬೀದಿಯ ಬಾಯಿ ಬಿಟ್ಟು ಮೇಲ್ತುದಿಗೆ ಹೋದೆ. ಅಲ್ಲಿಗೆ ಯಾಕೆ ಹೋದೆ ಎಂದು ಈಗ ಹೇಳಲಾರೆ. ಕೆಳಗೆ ಮಾಡಲು ಏನೂ ಉಳಿದಿರಲಿಲ್ಲ. ಹಾಸಿನ ಕೆಳಗಿನ ಕೊನೆಯನ್ನು ಒಂದು ಗಿಡ್ಡ ಗೂಟಕ್ಕೆ ಕಟ್ಟಿರುತ್ತಾರೆ. ಮೇಲಿನ ಕೊನೆಗೆ ದಪ್ಪ ಹಗ್ಗವೊಂದನ್ನು ಸೇರಿಸಿ, ಅದನ್ನು ಬೀದಿಗೆ ಓರೆಯಾಗಿ ಎಳೆದು ಎದುರಿನ ಕಲ್ಲುಕಂಬಕ್ಕೆ ಬಿಗಿಯುತ್ತಾರೆ. ಇಡೀ ಹಾಸಿನ ಬಿಗಿ ನಿಂತಿರುವುದು ಆ ಹಗ್ಗದ ಮೇಲೆ. ಅದಕ್ಕೆ ತುದಿಹಗ್ಗ ಎನ್ನುತ್ತಾರೆ. ಕಂಬದ ಬಳಿ ಅದು ಮೊಣಕಾಲಿನ ಎತ್ತರಕ್ಕಿರುತ್ತದೆ.

ಹುಡುಗಿ ಹಗ್ಗದಿಂದಾಚೆಯ ಮನೆಯಿಂದ ಹೊರಟು ಬಂಡಿಯಲ್ಲಿ ಆ ಕಡೆ ಬಂದಳು. ತುದಿಹಗ್ಗಕ್ಕೆ ಇನ್ನೂ ದೂರವಿರುವಾಗಲೇ ಹಿಮ್ಮಡಿ ಒತ್ತಿ, ಕೆಳಗಿಳಿದು, ಬಂಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಕಂಬವನ್ನು ಸುತ್ತಿಕೊಂಡು ಮೆಲ್ಲಗೆ ನಡೆದು ದಾಟಿದಳು. ಯಾರೂ ಹೇಳಿರಲಿಲ್ಲ. ದಾಟಿದ ಮೇಲೆ ಮತ್ತೆ ಹತ್ತಿ ಒದ್ದುಕೊಂಡು ಹೋದಳು.

ಅಜ್ಜಿಯನ್ನು ಕೇಳಿದೆ. "ತುದಿಹಗ್ಗ ಕಣವ್ವ ಅದು," ಎಂದರು. "ಅದು ಜಾರಿದ್ರೆ ಹಾಸು ಪೂರಾ ನೆಲಕ್ಕೆ. ಮನೆಮಂದಿಯೆಲ್ಲ ಕೂತು ಸುತ್ತಿದ್ದು ಗಂಟಾಗಿ ಹೋಗ್ತೈತೆ. ಅದರತ್ರ ಮಕ್ಕಳು ಉಸ್ರು ಕೂಡ ಬಿಡಲ್ಲ."

ಅದೇ ಸಂಜೆ ಯಜಮಾನರನ್ನು ಕಂಡು ನನ್ನ ಕೋರಿಕೆ ಹೇಳಿದೆ. ಹಾಸನ್ನು ತಿರುಗಿಸಿ ಕಟ್ಟಿ. ಗೂಟದ ಕೊನೆ ಮೇಲಿರಲಿ, ತುದಿಹಗ್ಗ ಕೆಳಗಿರಲಿ, ಬೀದಿಯ ಬಾಯಿಗಿಂತ ಸ್ವಲ್ಪ ಮೇಲೆ, ಕಿರುದಾರಿಗೆ ಅಡ್ಡಲಾಗಿ.

ಅವರು ಬೀದಿಯ ಮೇಲ್ತುದಿಯ ಕಡೆ ಕೈ ತೋರಿಸಿದರು.

"ಅಕ್ಕೋರೆ, ತುದಿಹಗ್ಗ ಮ್ಯಾಲೆ ಯಾಕೈತೆ ಗೊತ್ತಾ? ಮ್ಯಾಲೆ ನಮ್ಮೋರು ಬಿಟ್ರೆ ಯಾರೂ ಬರಲ್ಲ. ಕೆಳಗೆ ರಸ್ತೆ. ದನ, ಕುರಿ, ಸಂತೆ ಮಂದಿ. ಯಾವುದಾರ ಒಂದು ಕಾಲು ಸಿಕ್ಕಿಸ್ಕೊಂಡ್ರೆ ಮುಗೀತು. ನಮ್ಮಪ್ಪನ ಕಾಲ್ದಿಂದ ಅದು ಅಲ್ಲೇ."

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾನು ಕೇಳುತ್ತಿದ್ದುದು ಮಗುವಿನ ಅಪಾಯವನ್ನು ತೆಗೆದು ಅವರ ರೇಷ್ಮೆಯ ಮೇಲೆ ಇಡಿ ಎಂದು. ಬೇರೆ ಮಾತು ತೋಚದೆ ಒಂದೇ ಪ್ರಶ್ನೆ ಕೇಳಿದೆ: "ಈ ಬೀದಿಯ ಮಕ್ಕಳು ಯಾವತ್ತಾದರೂ ತುದಿಹಗ್ಗ ಎಡವಿದ್ದುಂಟೇ?"

"ಇಲ್ಲ."

ಒಳಗಿನಿಂದ ಅಜ್ಜಿಯ ದನಿ ಬಂತು: "ನೀವು ಎಡವಿದ್ರಿ ಒಂದ್ಸಲ. ಮದುವೆ ಆದ ವರ್ಷ."

"ಅದು ಬ್ಯಾರೆ ಮಾತು, ಸುಮ್ನಿರು."

ಅವರು ಹೂಂ ಎನ್ನಲಿಲ್ಲ. ನಾನು ನಮಸ್ಕಾರ ಹೇಳಿ ಬಂದೆ.

ಸಂತೆಯ ಬೆಳಿಗ್ಗೆ ಹೋದಾಗ ಕೆಳಗಿನ ಗೂಟ ಇರಲಿಲ್ಲ. ಹಾಸು ತಿರುಗಿತ್ತು. ಕೆಂಪು ರೇಷ್ಮೆ, ಮದುವೆಯ ಸೀರೆಯದು. ತುದಿಹಗ್ಗ ಕಿರುದಾರಿಯನ್ನು ಓರೆಯಾಗಿ ದಾಟಿ ಬೇವಿನ ಮರದ ಬುಡಕ್ಕೆ ಬಿಗಿದಿತ್ತು. ಯಜಮಾನರು ಮರದ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತು ಅದರ ಮೇಲೆ ಒಂದು ಕೈ ಇಟ್ಟಿದ್ದರು. ಹೆಡ್‌ಮೇಷ್ಟ್ರು ಕೊಡೆ ಹಿಡಿದು ದೂರ ನಿಂತಿದ್ದರು. ಡ್ರೈವರಿಗೆ ನಾನು ಮೊದಲೇ ಹೇಳಿಕಳಿಸಿದ್ದೆ: ಹಾರನ್ನು ಮರದ ಬಳಿ ಬೇಡ, ಅದಕ್ಕೂ ಬಹಳ ಹಿಂದೆ ಕೆರೆ ಏರಿಯ ಮೇಲೇ ಒತ್ತಿ.

ಏರಿಯ ಕಡೆಯಿಂದ ಹಾರನ್ ಕೇಳಿತು. "ಮೋಟ್ರು!" ಎಂದು ಕೂಗುತ್ತ ಬೀದಿಯ ಮೇಲಿಂದ ಬಂಡಿಗಳು ಹೊರಟವು. ಹುಡುಗಿ ಎಲ್ಲರಿಗಿಂತ ಮುಂದಿದ್ದಳು. ದೂರದಿಂದಲೇ ತುದಿಹಗ್ಗ ಕಂಡಿತು. ಹಿಮ್ಮಡಿ ಒತ್ತಿದಳು, ಕೆರದ ಅಟ್ಟೆ ಕಿರ್ರೆಂದಿತು, ವೇಗ ತಗ್ಗಿದೊಡನೆ ಇಳಿದಳು. ಅವಳ ಹಿಂದಿನವರೂ ಇಳಿದರು. ಬಂಡಿ ಹಿಡಿದುಕೊಂಡು ಹಗ್ಗದ ಈಚೆ ಸಾಲಾಗಿ ನಿಂತು ಬಸ್ಸನ್ನು ಕಾದರು.

ಆಗಲೇ ಯಜಮಾನರು ಹೆದರಿದ್ದು ನಡೆಯಿತು. ಸಂತೆಗೆ ಹೊರಟಿದ್ದ ಒಂದು ಕುರಿಹಿಂಡು ಬಸ್ಸಿನ ಸದ್ದಿಗೆ ಚೆದುರಿ, ಮುಂದಿನ ಟಗರು ಬೀದಿಯೊಳಗೆ ನುಗ್ಗಿತು. ಉಳಿದವೂ ಅದರ ಹಿಂದೆ. ಯಜಮಾನರು ಎದ್ದರು, ಮೊಣಕಾಲು ಹಿಡಿದಿದ್ದರಿಂದ ತಡವಾಯಿತು. ನಾನು ರಸ್ತೆಯ ಆಚೆಗಿದ್ದೆ.

"ತುದಿಹಗ್ಗ!" ಎಂದು ಹುಡುಗಿ ಕಿರುಚಿದಳು. ತಮ್ಮನಿದ್ದ ಬಂಡಿಯನ್ನು ಅಜ್ಜಿಯ ಕಡೆ ಹಿಂದಕ್ಕೆ ದೂಡಿ, ಪಕ್ಕದವನ ಬಂಡಿಯನ್ನು ಕಿತ್ತುಕೊಂಡು ಹಗ್ಗ ಕಟ್ಟಿದ ಮರವನ್ನು ಸುತ್ತಿ ಮುಂದೆ ಬಂದು ಅಡ್ಡ ನಿಲ್ಲಿಸಿದಳು. ಉಳಿದ ಮಕ್ಕಳೂ ತಮ್ಮ ತಮ್ಮ ಬಂಡಿಗಳನ್ನು ಅದರ ಪಕ್ಕ ಪಕ್ಕ ತಂದು ಹಚ್ಚಿದರು. ಬೇವಿನ ಮರದಿಂದ ಗೋಡೆಯವರೆಗೆ ಒದೆಬಂಡಿಗಳ ಬೇಲಿಯಾಯಿತು. ಟಗರು ಒಂದು ಚಕ್ರವನ್ನು ಮೂಸಿ, ತಲೆ ಕೊಡವಿ ತಿರುಗಿತು. ಹಿಂಡು ಅದರೊಂದಿಗೇ ತಿರುಗಿತು. ಬಸ್ಸು ಅಷ್ಟು ಹೊತ್ತಿಗೆ ಹುಣಸೆಮರದ ಬಳಿಯೇ ನಿಂತಿತ್ತು. ಕುರಿಗಳು ಸರಿದ ಮೇಲೆ ಮೆಲ್ಲಗೆ ಮುಂದೆ ಬಂತು. ಡ್ರೈವರು ಮಕ್ಕಳಿಗೆ ಸಲಾಮು ಮಾಡಿದ. ಮಕ್ಕಳೂ ಮಾಡಿದರು.

ಯಜಮಾನರು ಹಗ್ಗವನ್ನು ಒಮ್ಮೆ ಬೆರಳಿನಿಂದ ಮೀಟಿ ನೋಡಿದರು. ಬಿಗಿ ಹಾಗೆಯೇ ಇತ್ತು. ಮೊಮ್ಮಗಳನ್ನು ಹತ್ತಿರ ಕರೆದು ಅವಳ ಮೊಣಕಾಲಿನ ಹಳೆಯ ಗಾಯದ ಮೇಲೆ ಹೆಬ್ಬೆರಳಾಡಿಸಿದರು. ಆಮೇಲೆ ಹೆಡ್‌ಮೇಷ್ಟ್ರ ಕಡೆ ತಿರುಗಿದರು.

"ಒಲೆಗೆ ಬ್ಯಾರೆ ಸೌದೆ ನೋಡ್ಕಂತೀವಿ ಸ್ವಾಮಿ."

"ಹಾಸಿಲ್ಲದ ದಿನ?" ಎಂದರು ಹೆಡ್‌ಮೇಷ್ಟ್ರು. ಅದು ಸರಿಯಾದ ಪ್ರಶ್ನೆಯೇ.

ಉತ್ತರ ಕೊಟ್ಟವರು ಅಜ್ಜಿ. "ಬರೀ ಹಗ್ಗ ಕಟ್ತೀವಿ. ಹಾಸಿಲ್ಲದಿದ್ರೂ ತುದಿಹಗ್ಗ ತುದಿಹಗ್ಗಾನೇ. ನಮ್ಮ ಮಕ್ಕಳಿಗೆ ಅದು ಹೇಳ್ಕೊಡಬೇಕಿಲ್ಲ."

ಹಗ್ಗದಿಂದ ರಸ್ತೆಯವರೆಗಿನ ದಾರಿ ಬಂಡಿಯನ್ನು ಕೈಯಲ್ಲಿ ಹಿಡಿದು ನಡೆಯುವ ದಾರಿ ಎಂದಾಯಿತು. ರಸ್ತೆಯ ಅಂಚಿನಲ್ಲಿ ನಿಂತು, ಚಳ್ಳಕೆರೆಯ ಕಡೆ ಒಮ್ಮೆ, ರಾಯದುರ್ಗದ ಕಡೆ ಒಮ್ಮೆ ನೋಡಿ, ಮತ್ತೆ ಚಳ್ಳಕೆರೆಯ ಕಡೆ ನೋಡಿ ದಾಟಬೇಕು ಎಂಬುದನ್ನು ಮಾತ್ರ ನಾನು ಹೇಳಿಕೊಟ್ಟೆ.

ಮರುದಿನ ಬೆಳಿಗ್ಗೆ ಬೇಗ ಹೋಗಿ ಬೇವಿನ ಮರಕ್ಕೆ ಸುತ್ತಿದ್ದ ನಮ್ಮ ಬಾವಿಯ ಹಗ್ಗವನ್ನು ಬಿಚ್ಚಿ, ಸುರುಳಿ ಸುತ್ತಿ, ಭುಜಕ್ಕೆ ಹಾಕಿಕೊಂಡು ಶಾಲೆಗೆ ತಂದು ರಾಟೆಗೆ ಏರಿಸಿದೆ. ಆಯಾ ಇನ್ನೂ ಬಂದಿರಲಿಲ್ಲ. ಬಂಡಿಯವರ ಎತ್ತುಗಳು ಕಾಂಪೌಂಡಿನ ಪಕ್ಕ ಬಂದು ಒಣ ತೊಟ್ಟಿಯನ್ನು ನೆಕ್ಕುತ್ತಿದ್ದವು. ಕೊಡ ಇಳಿಬಿಟ್ಟು ನೀರು ಸೇದಿ ತೊಟ್ಟಿಗೆ ಸುರಿಯತೊಡಗಿದೆ. ಅರ್ಧ ತುಂಬುವಾಗ ಏರಿಯ ಮೇಲೆ ಹಾರನ್ ಕೇಳಿತು. ನಾನು ರಸ್ತೆಗೆ ಹೋಗಲಿಲ್ಲ. ಮುಂದಿನ ಕೊಡ ಇಳಿಬಿಟ್ಟೆ. ಬಸ್ಸು ಹಾದುಹೋದ ಸ್ವಲ್ಪ ಹೊತ್ತಿಗೆ ಗೇಟಿನ ಬಳಿ ಮರದ ಚಕ್ರಗಳ ಸದ್ದಾಯಿತು, ತಮ್ಮನನ್ನು ಪೆಟ್ಟಿಗೆಯಿಂದ ಇಳಿಸುವ ಸದ್ದಾಯಿತು.